ಕತ್ತರಿಸುವ ಮೊದಲು ಲೆಕ್ಕ: ಸ್ಪರ್ಧೆಯ ರೋಬೋಟ್ ಕಟ್ಟುವ ಬಗೆ

(ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಮತ್ತು ಡಿಪ್ಲೊಮಾ ವಿದ್ಯಾರ್ಥಿಗಳು ಹಾಗೂ ಪ್ರೌಢಶಾಲಾ ಶಿಕ್ಷಕರು ಸೇರಿದ್ದ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಆತ್ಮೀಯ ವಿದ್ಯಾರ್ಥಿಗಳೇ, ಶಿಕ್ಷಕ ಮಿತ್ರರೇ,

ರೋಬೋಟ್ ಸ್ಪರ್ಧೆಗೆ ಹೆಸರು ನೋಂದಾಯಿಸಿದ ತಂಡವೊಂದು ಸಾಮಾನ್ಯವಾಗಿ ಮೊದಲ ವಾರದಲ್ಲೇ ಮೋಟಾರ್, ಚಕ್ರ, ಯಂತ್ರವನ್ನು ನಿಯಂತ್ರಿಸುವ ಅರ್ಡುಯಿನೊ ಬೋರ್ಡ್‌ಗಳನ್ನು ತರಿಸಿಕೊಳ್ಳುತ್ತದೆ. ಪೆಟ್ಟಿಗೆ ಬಂದ ದಿನವೇ ಜೋಡಣೆ ಆರಂಭವಾಗುತ್ತದೆ. ಯಂತ್ರ ಏನು ಮಾಡಬೇಕೆಂಬುದು ಕಟ್ಟುತ್ತಾ ಕಟ್ಟುತ್ತಾ ತೀರ್ಮಾನವಾಗುತ್ತದೆ. ಆ ಉತ್ಸಾಹ ನನಗೂ ಇಷ್ಟವೇ. ಆದರೆ ಹೀಗೆ ತಯಾರಾದ ರೋಬೋಟ್ ಕಣದಲ್ಲಿ ಕೈಕೊಟ್ಟಾಗ, ಅದು ಏಕೆ ಕೈಕೊಟ್ಟಿತೆಂದು ಹೇಳಲು ತಂಡದ ಬಳಿ ಏನೂ ಇರುವುದಿಲ್ಲ; ಏಕೆಂದರೆ ಅದು ಹೇಗೆ ನಡೆದುಕೊಳ್ಳಬೇಕಿತ್ತೆಂದು ಯಾರೂ ಮೊದಲೇ ಬರೆದಿಟ್ಟಿರುವುದಿಲ್ಲ. ಯಾವುದೇ ಭಾಗವನ್ನು ಕತ್ತರಿಸುವ ಮೊದಲು ಅದರಿಂದ ನಾವು ನಿರೀಕ್ಷಿಸುವ ಸಂಖ್ಯೆಯನ್ನು ನೋಟ್‌ಬುಕ್ಕಿನಲ್ಲಿ ಬರೆಯಬೇಕು, ಕಟ್ಟಿದ ಮೇಲೆ ಅಳೆಯಬೇಕು, ಎರಡಕ್ಕೂ ತಾಳೆಯಾಗದಿದ್ದರೆ ಕಾರಣ ಸಿಗುವವರೆಗೂ ಅದರ ಬೆನ್ನು ಹತ್ತಬೇಕು ಎಂಬುದಷ್ಟೇ ನನ್ನ ಇಂದಿನ ಮಾತು. ಉಳಿದದ್ದೆಲ್ಲ ಇದರ ವಿವರಣೆ.

ಈ ಸ್ಪರ್ಧೆಗಳಿಗೆ ಈಗ ಸಾಕಷ್ಟು ವಯಸ್ಸಾಗಿದೆ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕ ವುಡಿ ಫ್ಲವರ್ಸ್ ಅವರು 1970ರ ದಶಕದಲ್ಲಿ ವಿದ್ಯಾರ್ಥಿಗಳಿಗೆ ಒಂದೇ ಬಗೆಯ ಸಾಮಗ್ರಿಯ ಚೀಲ ಕೊಟ್ಟು ಯಂತ್ರ ಕಟ್ಟಿಸಿ ಸ್ಪರ್ಧೆಗಿಳಿಸುತ್ತಿದ್ದರು. ಡೀನ್ ಕಾಮೆನ್ ಅವರು 1989ರಲ್ಲಿ ಸ್ಥಾಪಿಸಿದ, ವಿದ್ಯಾರ್ಥಿಗಳಿಗೆ ರೋಬೋಟ್ ಸ್ಪರ್ಧೆ ನಡೆಸುವ ಫಸ್ಟ್ ಸಂಸ್ಥೆ 1992ರಲ್ಲಿ ನ್ಯೂ ಹ್ಯಾಂಪ್‌ಶೈರಿನ ಮ್ಯಾಂಚೆಸ್ಟರ್ ಊರಿನ ಶಾಲಾ ಕ್ರೀಡಾಂಗಣವೊಂದರಲ್ಲಿ ತನ್ನ ಮೊದಲ ಸ್ಪರ್ಧೆ ನಡೆಸಿತು. ಏಷ್ಯಾ-ಪೆಸಿಫಿಕ್ ಪ್ರಸಾರ ಸಂಸ್ಥೆಗಳ ಒಕ್ಕೂಟವಾದ ಎಬಿಯು ನಡೆಸುವ ರೋಬೋಕಾನ್ ಸ್ಪರ್ಧೆ 2002ರಲ್ಲಿ ಟೋಕಿಯೊದಲ್ಲಿ ಆರಂಭವಾಗಿ, 2008 ಮತ್ತು 2014ರಲ್ಲಿ ನಮ್ಮ ಪುಣೆಗೂ ಬಂದಿತ್ತು. ಅದಕ್ಕೆ ಭಾರತದ ತಂಡವನ್ನು ಆರಿಸುವ ಸ್ಪರ್ಧೆಯೇ ದೂರದರ್ಶನದ ಡಿಡಿ ರೋಬೋಕಾನ್. ಶಾಲಾ ಮಕ್ಕಳಿಗೆ ವರ್ಲ್ಡ್ ರೋಬೋಟ್ ಒಲಿಂಪಿಯಾಡ್ ಇದೆ. ಕೇಂದ್ರ ಸರ್ಕಾರದ ನೆರವಿನ ಅಟಲ್ ಟಿಂಕರಿಂಗ್ ಲ್ಯಾಬ್ ಇರುವ ಶಾಲೆಗಳಲ್ಲಿ ಆರರಿಂದ ಹನ್ನೆರಡನೇ ತರಗತಿಯವರೆಗಿನ ಮಕ್ಕಳ ಕೈಗೆ ಈ ಸಾಮಗ್ರಿ ಈಗಾಗಲೇ ಬಂದಿದೆ. ಸಾಮಗ್ರಿಯ ಕೊರತೆ ಮೊದಲಿನಷ್ಟಿಲ್ಲ. ವಿನ್ಯಾಸದ ಅಭ್ಯಾಸ ಮಾತ್ರ ಇನ್ನೂ ಬೇರೂರಬೇಕಾಗಿದೆ.

ವಿನ್ಯಾಸ ಆರಂಭವಾಗುವುದು ನಿಯಮ ಪುಸ್ತಕದಿಂದ. ಫಸ್ಟ್ ಸಂಸ್ಥೆಯದೇ ಆದ ಫಸ್ಟ್ ಟೆಕ್ ಚಾಲೆಂಜ್ ಸ್ಪರ್ಧೆಯನ್ನೇ ನೋಡಿ. ಅಲ್ಲಿನ ಕಣ 12 ಅಡಿ ಉದ್ದ, 12 ಅಡಿ ಅಗಲ. ಆಟದ ಆರಂಭದಲ್ಲಿ ರೋಬೋಟ್ 18 ಅಂಗುಲದ ಘನಾಕೃತಿಯೊಳಗೆ ಅಡಕವಾಗಿರಬೇಕು. ಮೊದಲ 30 ಸೆಕೆಂಡು ಅದು ಯಾರ ಸಹಾಯವೂ ಇಲ್ಲದೆ ಪ್ರೋಗ್ರಾಮಿನಂತೆ ತಾನೇ ಓಡಬೇಕು, ಅನಂತರದ ಎರಡು ನಿಮಿಷ ವಿದ್ಯಾರ್ಥಿಗಳು ರಿಮೋಟ್ ಹಿಡಿದು ಓಡಿಸುತ್ತಾರೆ. ಈ ನಾಲ್ಕು ಸಂಗತಿಗಳಿಂದಲೇ ಯಂತ್ರದ ಅರ್ಧ ಸ್ವರೂಪ ನಿರ್ಧಾರವಾಗಿಬಿಡುತ್ತದೆ. ಆದ್ದರಿಂದ ತಂಡದ ಪ್ರತಿಯೊಬ್ಬರೂ ನಿಯಮ ಪುಸ್ತಕವನ್ನು ಪೂರ್ತಿ ಓದಬೇಕು. ಒಬ್ಬ ಓದಿ ಉಳಿದವರಿಗೆ ಹೇಳುವ ಪದ್ಧತಿಯನ್ನು ದಯವಿಟ್ಟು ಬಿಡಿ.

ಓದಿದ ಮೇಲೆ ಅಂಕಗಳ ಲೆಕ್ಕಕ್ಕೆ ಕೂರಬೇಕು. ಕೆಳಗಿನ ಬುಟ್ಟಿಗೆ ಚೆಂಡು ಹಾಕಿದರೆ 4 ಅಂಕ, ಮೇಲಿನ ಬುಟ್ಟಿಗೆ 8 ಅಂಕ ಎಂದಿಟ್ಟುಕೊಳ್ಳೋಣ. ಮೇಲಿನದಕ್ಕೆ ಎರಡರಷ್ಟು ಅಂಕ ಸಿಗುವುದರಿಂದ ಎಲ್ಲರ ಕಣ್ಣೂ ಅದರ ಮೇಲೆಯೇ ಬೀಳುತ್ತದೆ. ಆದರೆ ಕೆಳಗಿನ ಬುಟ್ಟಿಗೆ ಒಂದು ಸುತ್ತಿಗೆ 6 ಸೆಕೆಂಡು, ಮೇಲಿನದಕ್ಕೆ 15 ಸೆಕೆಂಡು ಹಿಡಿಯುತ್ತದೆ. ಕೆಳಗಿನದು ಹತ್ತರಲ್ಲಿ ಒಂಬತ್ತು ಬಾರಿ, ಮೇಲಿನದು ಹತ್ತರಲ್ಲಿ ಆರು ಬಾರಿ ಗುರಿ ಮುಟ್ಟುತ್ತದೆ ಎಂದಾದರೆ, ಸೆಕೆಂಡಿಗೆ ಕೆಳಗಿನದರಿಂದ 0.6 ಅಂಕ, ಮೇಲಿನದರಿಂದ 0.32 ಅಂಕ. ಅಂದರೆ ಎತ್ತರದ ಬುಟ್ಟಿಯ ಆಸೆಗಾಗಿ ಉದ್ದನೆಯ ತೋಳು, ಭಾರದ ಕಂಬ, ಇನ್ನೆರಡು ಮೋಟಾರ್ ಎಲ್ಲವನ್ನೂ ಹೊತ್ತ ರೋಬೋಟ್, ಸರಳವಾದ ರೋಬೋಟ್ ಗಳಿಸುವ ಅಂಕದ ಅರ್ಧದಷ್ಟನ್ನು ಮಾತ್ರ ಗಳಿಸುತ್ತದೆ. ಈ ಸೆಕೆಂಡುಗಳು ಎಲ್ಲಿಂದ ಬಂದವೆಂದು ನೀವು ಕೇಳಬಹುದು. ನೆಲದ ಮೇಲೆ ಸುಣ್ಣದಿಂದ ಕಣ ಬರೆದು, ಒಬ್ಬ ವಿದ್ಯಾರ್ಥಿ ರೋಬೋಟ್‌ನ ವೇಗದಲ್ಲಿ ನಡೆದು, ಇನ್ನೊಬ್ಬ ಸ್ಟಾಪ್‌ವಾಚ್ ಹಿಡಿದರೆ ಒಂದು ಸಂಜೆಯಲ್ಲಿ ಬರುತ್ತವೆ. ಯಾವ ಕೆಲಸಗಳನ್ನು ನಮ್ಮ ರೋಬೋಟ್ ಮಾಡುವುದಿಲ್ಲವೆಂಬ ತೀರ್ಮಾನವನ್ನು ಆ ಸಂಜೆಯೇ ತೆಗೆದುಕೊಂಡು ಬರೆದಿಡಿ.

ಈಗ ತೋಳಿನ ವಿಷಯಕ್ಕೆ ಬರುತ್ತೇನೆ. ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ, ಏಕೆಂದರೆ ಅತಿ ಹೆಚ್ಚು ಮೋಟಾರ್‌ಗಳು ಸುಡುವುದು ಈ ಜಾಗದಲ್ಲೇ. 40 ಸೆಂ.ಮೀ. ಉದ್ದದ ತೋಳು, ತುದಿಯಲ್ಲಿ 200 ಗ್ರಾಂ ತೂಕದ ಹಿಡಿಕೆ, ಅದು ಎತ್ತಬೇಕಾದ ವಸ್ತು 300 ಗ್ರಾಂ, ತೋಳಿನ ಸ್ವಂತ ತೂಕ 200 ಗ್ರಾಂ. ತೋಳು ನೆಲಕ್ಕೆ ಸಮಾನಾಂತರವಾಗಿ ಚಾಚಿಕೊಂಡಾಗ ಮೋಟಾರ್‌ನ ಮೇಲೆ ಬೀಳುವ ತಿರುಚುಬಲ, ಅಂದರೆ ಟಾರ್ಕ್, ಗರಿಷ್ಠವಾಗಿರುತ್ತದೆ. ತುದಿಯ ಅರ್ಧ ಕಿಲೊವನ್ನು 40ರಿಂದ ಗುಣಿಸಿದರೆ 20. ತೋಳಿನ ಭಾರ ನಡುವಿನಲ್ಲಿದೆಯೆಂದು ಹಿಡಿದು 0.2ನ್ನು 20ರಿಂದ ಗುಣಿಸಿದರೆ 4. ಒಟ್ಟು 24 ಕೆಜಿ-ಸೆಂ.ಮೀ. ಅಂಗಡಿಯವರು 25 ಕೆಜಿ-ಸೆಂ.ಮೀ. ಎಂದು ಬರೆದ ಮೋಟಾರ್ ಕೊಡುತ್ತಾರೆ, ತಂಡ ನೆಮ್ಮದಿಯಿಂದ ಕೊಂಡು ತರುತ್ತದೆ. ಆದರೆ ಆ 25 ಎಂಬುದು ಬಹುಪಾಲು ಮೋಟಾರ್‌ಗಳ ವಿವರಪಟ್ಟಿಯಲ್ಲಿ ಸ್ಟಾಲ್ ಟಾರ್ಕ್, ಅಂದರೆ ಮೋಟಾರ್ ತಿರುಗಲಾರದೆ ನಿಂತುಬಿಟ್ಟ ಸ್ಥಿತಿಯ ಬಲ. ಆ ಸ್ಥಿತಿಯಲ್ಲಿ ವೇಗ ಸೊನ್ನೆ; ಬ್ಯಾಟರಿಯಿಂದ ಬಂದ ವಿದ್ಯುತ್ತೆಲ್ಲ ಶಾಖವಾಗಿ ಸುರುಳಿಯನ್ನು ಸುಡುತ್ತದೆ. ಡಿಸಿ ಮೋಟಾರ್‌ನಲ್ಲಿ ಭಾರ ಏರಿದಂತೆ ವೇಗ ಸರಳರೇಖೆಯಲ್ಲಿ ಇಳಿಯುತ್ತದೆ, ಮತ್ತು ಅದು ಗರಿಷ್ಠ ಶಕ್ತಿ ಕೊಡುವುದು ಬರಿದೇ ತಿರುಗುವಾಗಿನ ವೇಗದ ಅರ್ಧದಲ್ಲಿ. ಬಹಳ ಹೊತ್ತು ಕೆಲಸ ಮಾಡಬೇಕಾದರೆ ಸ್ಟಾಲ್ ಟಾರ್ಕ್‌ನ ಕಾಲು ಭಾಗದ ಆಸುಪಾಸಿನಲ್ಲೇ ಇರುವುದು ಕ್ಷೇಮ. ಹಾಗಾದರೆ ನಮಗೆ ಬೇಕಾದದ್ದು 100 ಕೆಜಿ-ಸೆಂ.ಮೀ. ಆಸುಪಾಸಿನ ಮೋಟಾರ್.

ಅಷ್ಟು ದೊಡ್ಡ ಮೋಟಾರ್ ತರುವ ಮೊದಲು ಬೇರೆ ದಾರಿಗಳನ್ನು ಯೋಚಿಸಬೇಕು. ತೋಳನ್ನು 20 ಸೆಂ.ಮೀ.ಗೆ ಇಳಿಸಿದರೆ ಅದರ ತೂಕವೂ 100 ಗ್ರಾಂಗೆ ಇಳಿಯುತ್ತದೆ. ತುದಿಯದು 10, ತೋಳಿನದು 1, ಒಟ್ಟು 11 ಕೆಜಿ-ಸೆಂ.ಮೀ. ಉದ್ದ ಅರ್ಧವಾದರೆ ಬೇಕಾದ ಬಲ ಅರ್ಧಕ್ಕಿಂತಲೂ ಕಡಿಮೆಯಾಯಿತು. ತೋಳನ್ನು ಮೋಟುಗೊಳಿಸಲು ಆಗದಿದ್ದರೆ ಏತದ ಹಿಂತುದಿಗೆ ಕಲ್ಲು ಕಟ್ಟುವಂತೆ ಹಿಂಬದಿಗೆ ಭಾರ ಕಟ್ಟಬಹುದು, ಅಥವಾ ರಬ್ಬರ್ ಟ್ಯೂಬ್ ಎಳೆದು ಕಟ್ಟಿ ಭಾರದ ಒಂದು ಪಾಲನ್ನು ಅದರ ಮೇಲೆ ಹೊರಿಸಬಹುದು. ಹಿಡಿಕೆಯ ಮೋಟಾರನ್ನು ತುದಿಯಲ್ಲಿಡದೆ ಬುಡದಲ್ಲಿಟ್ಟು ಬೈಕಿನ ಬ್ರೇಕ್ ಕೇಬಲ್ ಮೂಲಕ ಎಳೆಯಬಹುದು. ಈ ನಾಲ್ಕರಲ್ಲಿ ಯಾವುದನ್ನು ಆರಿಸಿದಿರಿ, ಏಕೆ ಆರಿಸಿದಿರಿ ಎಂದು ಹೇಳಬಲ್ಲ ವಿದ್ಯಾರ್ಥಿ, ಪದಕ ಬರಲಿ ಬಿಡಲಿ, ಸ್ಪರ್ಧೆಯಿಂದ ಪಡೆಯಬೇಕಾದದ್ದನ್ನು ಪಡೆದಿದ್ದಾನೆಂದೇ ನನ್ನ ಭಾವನೆ.

ವೇಗದ ಲೆಕ್ಕ ಇದಕ್ಕಿಂತ ಸುಲಭ. 10 ಸೆಂ.ಮೀ. ವ್ಯಾಸದ ಚಕ್ರ ಒಂದು ಸುತ್ತಿಗೆ 31.4 ಸೆಂ.ಮೀ. ಸಾಗುತ್ತದೆ. ನಿಮಿಷಕ್ಕೆ 300 ಸುತ್ತಿನ ಗೇರ್ ಮೋಟಾರ್ ಹಾಕಿದರೆ ಸೆಕೆಂಡಿಗೆ 157 ಸೆಂ.ಮೀ. ಕಣ್ಣು ಕಂಡದ್ದಕ್ಕೆ ಬೆರಳು ಸ್ಪಂದಿಸಲು ಸುಮಾರು ಕಾಲು ಸೆಕೆಂಡು ಬೇಕೆಂದರೆ, ಅಷ್ಟರಲ್ಲಿ ರೋಬೋಟ್ 39 ಸೆಂ.ಮೀ. ಮುಂದೆ ಹೋಗಿರುತ್ತದೆ. 12 ಅಡಿಯ ಕಣದಲ್ಲಿ ಅದು ಚಿಕ್ಕ ದೂರವಲ್ಲ. 200 ಸುತ್ತಿನ ಮೋಟಾರಿನಿಂದ ಅದೇ ಕಣವನ್ನು ಮೂರೂವರೆ ಸೆಕೆಂಡಿನಲ್ಲಿ ದಾಟಬಹುದು. ಹೊಸಬರಿಗೆ ಅದೇ ಸಾಕು.

ಯಂತ್ರದ ಕೆಲಸಕ್ಕೆ ದಾವಣಗೆರೆಯಷ್ಟು ಅನುಕೂಲವಾದ ಊರು ಕಡಿಮೆ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ. ಹತ್ತಿ ಗಿರಣಿಗಳಿಗೆ ಹೆಸರಾಗಿದ್ದ ಊರಿದು. ಪಕ್ಕದ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತ್ ಯಂತ್ರಗಳನ್ನು ತಯಾರಿಸುತ್ತಿತ್ತು. 1951ರಲ್ಲಿ ಸ್ಥಾಪನೆಯಾದ ಬಿಡಿಟಿ ಇಂಜಿನಿಯರಿಂಗ್ ಕಾಲೇಜು, 1979ರಲ್ಲಿ ಆರಂಭವಾದ ಬಾಪೂಜಿ ಇಂಜಿನಿಯರಿಂಗ್ ಕಾಲೇಜು ಇಲ್ಲಿವೆ. ಆದರೂ ನಮ್ಮ ವಿದ್ಯಾರ್ಥಿಗಳು ಮೋಟಾರ್‌ನ ಶಾಫ್ಟಿಗೆ (ತಿರುಗುವ ದಂಡಕ್ಕೆ) ಜೋಡಿಸಲು ಆನ್‌ಲೈನಿನಲ್ಲಿ ಸಿಗುವ ಕಪ್ಲಿಂಗ್‌ಗಾಗಿ ಒಂದು ವಾರ ಕಾಯುತ್ತಾರೆಯೇ ಹೊರತು ಲೇತ್ ಅಂಗಡಿಗೆ ಹೋಗುವುದಿಲ್ಲ. ಹೋದರೆ ಏನಾಗುತ್ತದೆಂಬುದಕ್ಕೆ ಒಂದು ಸಣ್ಣ ನಿದರ್ಶನ ಕೊಡುತ್ತೇನೆ. ವಿದ್ಯಾರ್ಥಿಯೊಬ್ಬ ಚಕ್ರದ ನಡುಭಾಗವಾದ ಹಬ್ ತೆಗೆದುಕೊಂಡು ಹೋಗಿ, "ಅಣ್ಣ, ಇದಕ್ಕೆ ಒಂದು ಗ್ರಬ್ ಸ್ಕ್ರೂ ತೂತು ಹಾಕಿಕೊಡಿ" ಎಂದು ಕೇಳಿದ. ಲೇತ್ ಮೇಸ್ತ್ರಿ ಹಬ್ಬನ್ನು ಶಾಫ್ಟಿಗೆ ಸಿಕ್ಕಿಸಿ ಬೆರಳಿನಿಂದ ಅಲ್ಲಾಡಿಸಿ ನೋಡಿ ಹೇಳಿದರು: "ದುಂಡು ಶಾಫ್ಟಿಗೆ ಒಂದು ಸ್ಕ್ರೂ ನಿಲ್ಲಲ್ಲ ತಮ್ಮಾ. ಶಾಫ್ಟಿಗೆ ಫ್ಲಾಟ್ ಹೊಡಿ, ಇನ್ನೊಂದು ಸ್ಕ್ರೂ ಅಡ್ಡ ಹಾಕು. ತೂತೂ ದೊಡ್ಡದಾಗೈತಿ, ಬುಷ್ ಹಾಕಬೇಕು." ನುಣುಪಾದ ದುಂಡು ಶಾಫ್ಟಿನ ಮೇಲೆ ಗ್ರಬ್ ಸ್ಕ್ರೂ, ಅಂದರೆ ತಲೆಯಿಲ್ಲದ ಪುಟ್ಟ ತಿರುಪು, ಕೇವಲ ಘರ್ಷಣೆಯಿಂದ ಹಿಡಿಯುತ್ತದೆ, ರೋಬೋಟ್ ಮುಂದೆ ಹಿಂದೆ ಓಡಿದಂತೆಲ್ಲ ಆ ಹಿಡಿತ ಸಡಿಲಗೊಳ್ಳುತ್ತದೆ, ಸ್ಕ್ರೂವಿನ ತುದಿ ಚಪ್ಪಟೆ ಭಾಗದ ಮೇಲೆ ಕೂತರೆ ಶಾಫ್ಟ್ ತಿರುಗಿ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಪಠ್ಯಪುಸ್ತಕದ ಒಂದು ಅಧ್ಯಾಯವನ್ನು ಅವರು ಅರ್ಧ ನಿಮಿಷದಲ್ಲಿ ಹೇಳಿ ಮುಗಿಸಿದ್ದರು. ಇಂಥವರನ್ನು ನಿಮ್ಮ ತಂಡದ ಮಾರ್ಗದರ್ಶಕರೆಂದೇ ಭಾವಿಸಿ, ಗೌರವದಿಂದ ಕೇಳಿ, ಹೇಳಿದ್ದನ್ನು ಬರೆದುಕೊಳ್ಳಿ.

ಚೌಕಟ್ಟಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಅಲ್ಯುಮಿನಿಯಂ ಸೆಕ್ಷನ್ ಒಳ್ಳೆಯದು, ಮೊದಲ ಮಾದರಿಗೆ ಪ್ಲೈವುಡ್ ಸಾಕು. ಪೆಟ್ಟು ಬೀಳುವ ಕಡೆ ಅಕ್ರಿಲಿಕ್ ಹಾಕಬೇಡಿ, ತೂತಿನ ಅಂಚಿನಿಂದ ಸೀಳುತ್ತದೆ. ನಡುಗುವ ಕಡೆಗಳಲ್ಲೆಲ್ಲ ಸುಲಭಕ್ಕೆ ಸಡಿಲವಾಗದ ನೈಲಾಕ್ ನಟ್ ಹಾಕಿ. ಬ್ಯಾಟರಿಯನ್ನು ಆದಷ್ಟು ಕೆಳಗೆ, ಚಕ್ರಗಳ ನಡುವೆ ಇಡಿ.

ವಿದ್ಯುತ್ತಿನ ವಿಷಯ ಹಾಗಲ್ಲ, ಅದಕ್ಕೆ ತಾಳ್ಮೆ ಬೇಕು. ನಾನು ಕಂಡ ಸ್ಪರ್ಧೆಗಳಲ್ಲಿ ಪದೇ ಪದೇ ನಡೆಯುವ ಒಂದು ಘಟನೆಯಿದೆ. ರೋಬೋಟ್ ಮೇಜಿನ ಮೇಲೆ ಚೆನ್ನಾಗಿ ಓಡುತ್ತದೆ. ಕಣದಲ್ಲಿ ಎದುರಾಳಿಯ ಯಂತ್ರಕ್ಕೆ ತಾಗಿದೊಡನೆ ಒಂದು ಕ್ಷಣ ಸ್ತಬ್ಧವಾಗಿ, ಬೋರ್ಡಿನ ದೀಪ ಮಿನುಗಿ, ಮತ್ತೆ ಮೊದಲಿನಿಂದ ಆರಂಭವಾಗುತ್ತದೆ. ತಂಡದವರು ರಾತ್ರಿಯಿಡೀ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುತ್ತಾರೆ. ತಪ್ಪು ಅಲ್ಲಿರುವುದಿಲ್ಲ. ನಾಲ್ಕು ಮೋಟಾರ್‌ಗಳು ಸ್ಟಾಲ್ ಆದಾಗ ತಲಾ 5 ಆಂಪಿಯರ್ ಎಳೆದರೆ ಒಟ್ಟು 20 ಆಂಪಿಯರ್. ಬ್ಯಾಟರಿಯ ಒಳರೋಧ, ತೆಳುವಾದ ವೈರು, ಸಡಿಲ ಕನೆಕ್ಟರ್ ಎಲ್ಲ ಸೇರಿ 0.3 ಓಮ್ ಇದ್ದರೂ 6 ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತದೆ. 12 ವೋಲ್ಟ್ 6ಕ್ಕೆ ಇಳಿಯುತ್ತದೆ. ವೋಲ್ಟೇಜ್ ಇಳಿದಂತೆ ಕರೆಂಟೂ ತಗ್ಗುವುದರಿಂದ ನಿಜವಾದ ಕುಸಿತ ಇದಕ್ಕಿಂತ ಕಡಿಮೆ, ಸುಮಾರು 4 ವೋಲ್ಟ್; ಆದರೆ ಅರ್ಡುಯಿನೊ ಉನೊ ಆರ್3 ಬೋರ್ಡಿನ ವಿದ್ಯುತ್ ಪ್ರವೇಶಕ್ಕೆ ಕನಿಷ್ಠ 7 ವೋಲ್ಟ್ ಇರಬೇಕೆಂದು ಅದರ ತಯಾರಕರೇ ಹೇಳಿರುವಾಗ, ಉಳಿದ 8 ವೋಲ್ಟ್ ಅಂಚಿನಲ್ಲೇ ಇದೆ; ಬ್ಯಾಟರಿ ಸ್ವಲ್ಪ ಇಳಿದಿದ್ದರೆ ಅಥವಾ ಕನೆಕ್ಟರ್ ಇನ್ನಷ್ಟು ಸಡಿಲವಾದರೆ ಬೋರ್ಡ್ ಮಲಗಿಬಿಡಬಹುದು.

ಪರಿಹಾರ ಕಷ್ಟದ್ದಲ್ಲ. ಕಂಟ್ರೋಲರ್ ಬೋರ್ಡಿಗೆ ಬೇರೆಯೇ ಚಿಕ್ಕ ಬ್ಯಾಟರಿ ಕೊಟ್ಟು ಎರಡರ ನೆಗೆಟಿವ್ ತುದಿಗಳನ್ನು ಸೇರಿಸಬೇಕು. ಮೋಟಾರ್‌ಗೆ ದಪ್ಪನೆಯ, ಉದ್ದ ಕಡಿಮೆಯಿರುವ ವೈರು ಹಾಕಿ ಸೋಲ್ಡರ್ ಮಾಡಬೇಕು. ಸೋಲ್ಡರ್ ಇಲ್ಲದೆ ಸಿಕ್ಕಿಸುವ ಬ್ರೆಡ್‌ಬೋರ್ಡ್ ಮತ್ತು ಜಂಪರ್ ವೈರು ಪ್ರಯೋಗಾಲಯದ ಮೇಜಿಗೆ ಸರಿ, ಕಣಕ್ಕೆ ಸಲ್ಲ. ವೇಗವನ್ನು ಸೊನ್ನೆಯಿಂದ ಪೂರ್ತಿಗೆ ಒಮ್ಮೆಲೇ ಏರಿಸದೆ ಕಾಲು ಸೆಕೆಂಡಿನಲ್ಲಿ ಹಂತಹಂತವಾಗಿ ಏರಿಸುವಂತೆ ಪ್ರೋಗ್ರಾಮ್ ಬರೆಯಬೇಕು. ಎಲ್ಲರೂ ಬಳಸುವ ಎಲ್‌298ಎನ್ ಮೋಟಾರ್ ಡ್ರೈವರ್ ಒಂದು ಚಾನೆಲ್‌ಗೆ 2 ಆಂಪಿಯರ್‌ಗಿಂತ ಹೆಚ್ಚು ತಾಳುವುದಿಲ್ಲ, ಜೊತೆಗೆ ಸುಮಾರು 2 ವೋಲ್ಟನ್ನು ತಾನೇ ನುಂಗುತ್ತದೆ. 5 ಆಂಪಿಯರ್ ಎಳೆಯುವ ಮೋಟಾರ್‌ಗೆ ಅದನ್ನು ಜೋಡಿಸುವುದು ತರವಲ್ಲ. ಲಿಥಿಯಂ ಬ್ಯಾಟರಿ ಇದ್ದರೆ ಫ್ಯೂಸ್ ಕಡ್ಡಾಯ. ಅದನ್ನು ಚಾರ್ಜಿಗೆ ಹಾಕಿ ಯಾರೂ ಕೊಠಡಿ ಬಿಟ್ಟು ಹೋಗಬಾರದು, ಉಬ್ಬಿದ ಬ್ಯಾಟರಿಯನ್ನು ಮತ್ತೆ ಬಳಸಬಾರದು. ಶಾಲೆಯ ಶಿಕ್ಷಕರಲ್ಲಿ ಇದನ್ನು ಕೈಮುಗಿದು ಕೇಳಿಕೊಳ್ಳುತ್ತೇನೆ.

ಬ್ಯಾಟರಿಗೂ ಪ್ರೋಗ್ರಾಮಿಗೂ ಇರುವ ನಂಟು ಇನ್ನೊಂದೆಡೆಯೂ ಕಾಣಿಸಿಕೊಳ್ಳುತ್ತದೆ. ಮೂರು ಸೆಲ್‌ಗಳ ಲಿಥಿಯಂ ಬ್ಯಾಟರಿ ಪೂರ್ತಿ ತುಂಬಿದಾಗ 12.6 ವೋಲ್ಟ್, ಬಳಸುತ್ತಾ ಹೋದಂತೆ 11.1 ವೋಲ್ಟ್. ವ್ಯತ್ಯಾಸ ನೂರಕ್ಕೆ ಹನ್ನೆರಡರಷ್ಟು, ಮೋಟಾರ್‌ನ ವೇಗವೂ ಹೆಚ್ಚುಕಡಿಮೆ ಅಷ್ಟೇ ಇಳಿಯುತ್ತದೆ. 'ಎರಡು ಸೆಕೆಂಡು ಮುಂದೆ ಹೋಗು' ಎಂದು ಬರೆದ ಪ್ರೋಗ್ರಾಮ್ ಬೆಳಿಗ್ಗೆ ಎರಡು ಮೀಟರ್ ಸಾಗಿದರೆ ಮಧ್ಯಾಹ್ನ ಸುಮಾರು 24 ಸೆಂ.ಮೀ. ಮೊದಲೇ ನಿಂತುಬಿಡುತ್ತದೆ. ಆದ್ದರಿಂದ ಸಮಯವನ್ನು ನಂಬದೆ ಚಕ್ರದ ಸುತ್ತುಗಳನ್ನು ಎಣಿಸುವ ಎನ್‌ಕೋಡರ್ ಹಾಕಬೇಕು. ಎನ್‌ಕೋಡರನ್ನೂ ಪೂರ್ತಿ ನಂಬುವಂತಿಲ್ಲ, ಏಕೆಂದರೆ ಚಕ್ರ ಜಾರಿದರೂ ಅದು ಎಣಿಸುತ್ತಲೇ ಇರುತ್ತದೆ. ದಿಕ್ಕಿನಲ್ಲಿ ಮೂರೇ ಡಿಗ್ರಿ ತಪ್ಪಿದರೂ ಎರಡು ಮೀಟರ್ ದೂರದಲ್ಲಿ 10 ಸೆಂ.ಮೀ. ಪಕ್ಕಕ್ಕೆ ಸರಿದಿರುತ್ತದೆ. ಕಣದ ಗೋಡೆಗೆ ಮೆಲ್ಲನೆ ಒರಗಿ ನೇರವಾಗುವುದು, ಬಿಳಿ ಗೆರೆ ಸಿಕ್ಕಾಗ ಎಣಿಕೆಯನ್ನು ಸರಿಪಡಿಸಿಕೊಳ್ಳುವುದು, ತಿರುಗುವಿಕೆಯನ್ನು ಅಳೆಯುವ ಜೈರೋ ಸೆನ್ಸರ್‌ನಿಂದ ದಿಕ್ಕು ತಿಳಿಯುವುದು, ಹೀಗೆ ಒಂದರ ತಪ್ಪನ್ನು ಇನ್ನೊಂದು ತಿದ್ದುವ ಏರ್ಪಾಡು ಬೇಕು. ಗೆರೆ ಹಿಡಿಯುವ ಇನ್‌ಫ್ರಾರೆಡ್ ಸೆನ್ಸರ್‌ಗೆ ಕಿಟಕಿಯ ಬಿಸಿಲು ಬಿದ್ದರೆ ಕಪ್ಪು ಬಿಳುಪಿನ ಗುರುತು ಕೆಡುತ್ತದೆ; ಅದಕ್ಕೆ ಕಪ್ಪು ಕಾಗದದ ಮರೆ ಕಟ್ಟಿ, ಸ್ಪರ್ಧೆಯ ಸಭಾಂಗಣದಲ್ಲೇ ಅಳತೆಗಳನ್ನು ಹೊಸದಾಗಿ ತೆಗೆದುಕೊಳ್ಳಿ.

ಪರೀಕ್ಷಿಸುವಾಗ ಒಂದೇ ಸಲ ಎಲ್ಲವನ್ನೂ ಬದಲಿಸಬಾರದು. ಈ ಮಾತಿಗೆ ದೊಡ್ಡ ಉದಾಹರಣೆ ನಮ್ಮ ನೆರೆಯಲ್ಲೇ ಇದೆ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಬಳಿಯ ವೈಮಾನಿಕ ಪರೀಕ್ಷಾ ವಲಯದಲ್ಲಿ ಇಸ್ರೊ ತನ್ನ ರೆಕ್ಕೆಯುಳ್ಳ ಮರುಬಳಕೆಯ ವಾಹನವನ್ನು ಮೂರು ಬಾರಿ ತಾನಾಗಿಯೇ ಇಳಿಯುವಂತೆ ಮಾಡಿತು. ಚಿನೂಕ್ ಹೆಲಿಕಾಪ್ಟರ್ ಅದನ್ನು ಸುಮಾರು ನಾಲ್ಕೂವರೆ ಕಿ.ಮೀ. ಎತ್ತರದಿಂದ ಬಿಡುತ್ತಿತ್ತು, ಅಲ್ಲಿಂದ ಮುಂದೆ ಯಾರ ಕೈಯಲ್ಲೂ ರಿಮೋಟ್ ಇರಲಿಲ್ಲ. 2023ರ ಏಪ್ರಿಲ್ 2ರಂದು ನಡೆದ ಮೊದಲ ಪ್ರಯೋಗದ ಬಳಿಕ, 2024ರ ಮಾರ್ಚ್ 22ರಂದು ಅದನ್ನು ರನ್‌ವೇಯ ನೇರದಿಂದ 150 ಮೀಟರ್ ಪಕ್ಕದಲ್ಲಿ ಬಿಟ್ಟರು, ಅದೇ ವರ್ಷ ಜೂನ್ 23ರಂದು 500 ಮೀಟರ್ ಪಕ್ಕದಲ್ಲಿ, ಇನ್ನೂ ಬಿರುಸಾದ ಗಾಳಿಯಲ್ಲಿ ಬಿಟ್ಟರು. ಮೂರನೆಯ ಬಾರಿಗೆ ಎರಡನೆಯ ಬಾರಿಯ ದೇಹವನ್ನೂ ಹಾರಾಟದ ವ್ಯವಸ್ಥೆಗಳನ್ನೂ ಬದಲಾಯಿಸದೆ ಹಾಗೆಯೇ ಬಳಸಿದರು ಎಂಬುದನ್ನು ಗಮನಿಸಿ. ಯಂತ್ರವನ್ನು ಹಾಗೆಯೇ ಇಟ್ಟು ಪರೀಕ್ಷೆಯನ್ನು ಕಠಿಣಗೊಳಿಸಿದಾಗ ಫಲಿತಾಂಶ ಏನನ್ನು ಹೇಳುತ್ತಿದೆಯೆಂಬುದರಲ್ಲಿ ಗೊಂದಲ ಕಡಿಮೆ. ನಮ್ಮ ತಂಡಗಳು ಒಂದೇ ದಿನ ಚಕ್ರ ಬದಲಿಸಿ, ಪ್ರೋಗ್ರಾಮ್ ತಿದ್ದಿ, ಬ್ಯಾಟರಿಯ ಜಾಗವನ್ನೂ ಸರಿಸುತ್ತವೆ. ಓಟ ಸುಧಾರಿಸಿದರೆ ಯಾವುದರಿಂದ ಸುಧಾರಿಸಿತೆಂದು ಗೊತ್ತಾಗುವುದಿಲ್ಲ, ಕೆಟ್ಟರೆ ಯಾವುದನ್ನು ಹಿಂದಕ್ಕೆ ತಿರುಗಿಸಬೇಕೆಂದೂ ಗೊತ್ತಾಗುವುದಿಲ್ಲ.

ಇದಕ್ಕೆಲ್ಲ ಸಮಯ ಬೇಕು. ನಿಮಗೆ ಸಿಗುವ ಒಟ್ಟು ಅವಧಿಯ ಅರ್ಧ ಮುಗಿಯುವಷ್ಟರಲ್ಲಿ ರೋಬೋಟ್ ಓಡುವ ಸ್ಥಿತಿಯಲ್ಲಿರಬೇಕು ಎಂಬ ನಿಯಮವನ್ನು ತಂಡವೇ ಹಾಕಿಕೊಳ್ಳಲಿ. ಉಳಿದರ್ಧ ಓಡಿಸುವುದಕ್ಕೆ, ಕೆಡಿಸುವುದಕ್ಕೆ, ಸರಿಪಡಿಸುವುದಕ್ಕೆ. ರಿಮೋಟ್ ಹಿಡಿಯುವ ವಿದ್ಯಾರ್ಥಿ ಯಾರೆಂದು ಬೇಗ ತೀರ್ಮಾನಿಸಿ. ತಂಡದ ನಾಯಕರೇ ಅದನ್ನು ಹಿಡಿಯಬೇಕೆಂಬ ಕಟ್ಟಳೆಯಿಲ್ಲ, ಒತ್ತಡದಲ್ಲೂ ಕೈ ನಡುಗದವರು ಹಿಡಿಯಲಿ. ಹೆಣ್ಣುಮಕ್ಕಳನ್ನು ವರದಿ ಬರೆಯುವುದಕ್ಕೂ ಪೋಸ್ಟರ್ ಅಂಟಿಸುವುದಕ್ಕೂ ಸೀಮಿತಗೊಳಿಸುವ ತಂಡಗಳನ್ನು ನೋಡಿದ್ದೇನೆ, ಅದು ನನಗೆ ನೋವಿನ ವಿಷಯ. ಡ್ರಿಲ್ಲು, ಸೋಲ್ಡರಿಂಗ್, ರಿಮೋಟ್ ಎಲ್ಲವೂ ಸರದಿಯಂತೆ ಎಲ್ಲರ ಕೈಗೂ ಬರಬೇಕು. ನೋಟ್‌ಬುಕ್ಕನ್ನು ನೀವು ಮಾತಾಡುವ ಕನ್ನಡದಲ್ಲೇ ಬರೆಯಿರಿ. ನಿರ್ಣಾಯಕರಿಗೆ ಒಪ್ಪಿಸುವ ಪ್ರತಿ ಇಂಗ್ಲಿಷಿನಲ್ಲಿರಲಿ, ಅದನ್ನು ಕೊನೆಯಲ್ಲಿ ಸಿದ್ಧಪಡಿಸಬಹುದು. ದಿನದಿನದ ಯೋಚನೆಗೆ ಭಾಷೆಯ ತಡೆ ಇರಬಾರದು.

ಓಡಿಸಿ ನೋಡಲು ಜಾಗ ಬೇಕು, ಅದೇ ನಮ್ಮ ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಗಳ ತಂಡಗಳಿಗೆ ಇಲ್ಲದಿರುವುದು. ಕಾಲೇಜಿನ ಕಾರಿಡಾರಿನ ನುಣುಪು ಗ್ರಾನೈಟ್ ಮೇಲೆ ಅಭ್ಯಾಸ ಮಾಡಿದ ರೋಬೋಟ್, ಸ್ಪರ್ಧೆಯ ರಬ್ಬರ್ ಹಾಸಿನ ಮೇಲೆ ಬೇರೆಯೇ ರೀತಿಯಲ್ಲಿ ತಿರುಗುತ್ತದೆ. 12 ಅಡಿ ಚದರದ ಕಣಕ್ಕೆ ಎಂಟು ಅಡಿ, ನಾಲ್ಕು ಅಡಿಯ ಪ್ಲೈವುಡ್ ಹಲಗೆ ಐದು ಇದ್ದರೆ ನೆಲಕ್ಕೆ ಸಾಕು. ಅದರ ಮೇಲೆ ಹಾಸು, ಸುತ್ತ ಒಂದಡಿ ಎತ್ತರದ ಗೋಡೆ. ಒಂದೊಂದು ಕಾಲೇಜೂ ಪ್ರತ್ಯೇಕವಾಗಿ ಮಾಡಿಕೊಳ್ಳುವ ಬದಲು ದಾವಣಗೆರೆಯಲ್ಲೊಂದು, ಚಿತ್ರದುರ್ಗದಲ್ಲೊಂದು ಸಾಮೂಹಿಕ ಕಣ ಮಾಡಿ, ಭಾನುವಾರವೂ ತೆರೆದಿಟ್ಟರೆ ಜಗಳೂರು, ಚನ್ನಗಿರಿ, ಹೊಸದುರ್ಗ, ಮೊಳಕಾಲ್ಮೂರಿನ ಶಾಲೆಗಳ ಮಕ್ಕಳೂ ಬಸ್ಸಿನಲ್ಲಿ ಬಂದು ಅಭ್ಯಾಸ ಮಾಡಿ ಸಂಜೆಗೆ ಊರು ಸೇರಬಹುದು. ಇಂಥ ಕಣಕ್ಕೆ ಒಂದು ಕೊಠಡಿ ಬಿಟ್ಟುಕೊಡಲು ಒಪ್ಪುವ ಸಂಸ್ಥೆಯವರು ಈ ಸಭೆಯಲ್ಲಿದ್ದರೆ ದಯವಿಟ್ಟು ಕಾರ್ಯಕ್ರಮ ಮುಗಿದ ಮೇಲೆ ನನ್ನನ್ನು ಕಾಣಿ. ಹಲಗೆ ಕೊಯ್ಯುವುದರಿಂದ ಹಿಡಿದು ಹಾಸು ಅಂಟಿಸುವವರೆಗಿನ ಕೆಲಸಕ್ಕೆ ನಾನೂ ನನ್ನ ವಿದ್ಯಾರ್ಥಿಗಳೂ ಬರುತ್ತೇವೆ.